ಕೊಂದ ಪಾಪ, ಬಿಟ್ಟ ಪಾಪ

ಬೆಕ್ಕನ್ನು ಕೊಂದವನು ಬಂಗಾರದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಟ್ಟರೂ ಆ ಪಾಪ ಕಳೆಯದೆಂದು ನಮ್ಮ ನಾಡಿನ ಹಿರಿಯರು ಇಂದಿಗೂ ಹೇಳುತ್ತಾರೆ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಬೆಕ್ಕಿನ ವಧೆಗೆ ಪ್ರಾಯಶ್ಚಿತ್ತವನ್ನು ವಿಧಿಸಿದೆ. ಮಕ್ಕಳನ್ನು ಕಾಯುವ ಷಷ್ಠೀದೇವಿಗೆ ಬೆಕ್ಕೇ ವಾಹನವೆಂದು ನಂಬುಗೆಯುಂಟು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಬೆಕ್ಕಳಲೆ ಗ್ರಾಮದಲ್ಲಂತೂ ಬೆಕ್ಕು ದೇವತೆಯೆಂದು ಪೂಜೆಗೊಳ್ಳುತ್ತದೆ. ಇಷ್ಟು ಅಂಜಿಕೆಯೂ ಇಷ್ಟು ಭಕ್ತಿಯೂ ಇರುವ ನಾಡಿನಲ್ಲಿ ಬೆಕ್ಕಿನ ಬಾಳು ಸುಖದ್ದಾಗಿರಬೇಕಾಗಿತ್ತು. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸಂತೆಪೇಟೆಗಳಲ್ಲಿಯೂ ಕಾಲುವೆಯ ದಂಡೆಗಳಲ್ಲಿಯೂ ಕಣ್ಣು ತೆರೆದು ನಡೆದವರಿಗೆ ಕಾಣುವ ನೋಟವು ಬೇರೆಯೇ ಆಗಿದೆ.

ಕಳೆದ ಮಳೆಗಾಲದ ಆರಂಭದಲ್ಲಿ ನಾವು ಗೋಕಾಕದಿಂದ ಮೂಡಲಗಿಗೆ ಹೊರಟಿದ್ದೆವು. ಕಾಲುವೆಯ ಸೇತುವೆಯ ಬಳಿಯಲ್ಲಿ ಗೃಹಸ್ಥರೊಬ್ಬರು ಮೋಟಾರ್ ಸೈಕಲ್ಲಿನಿಂದಿಳಿದು ಗೋಣಿಚೀಲವೊಂದರ ಬಾಯಿ ಬಿಚ್ಚುತ್ತಿದ್ದರು. ಚೀಲದೊಳಗಿಂದ ಒಂದು ತಾಯಿಬೆಕ್ಕೂ, ಕಣ್ಣು ತೆರೆದು ಇನ್ನೂ ವಾರವಾಗಿರದ ಮೂರು ಮರಿಗಳೂ ಹೊರಬಿದ್ದವು. ತಾಯಿಯು ದಿಕ್ಕು ತಿಳಿಯದೆ ಕಬ್ಬಿನ ಹೊಲದೊಳಗೆ ಓಡಿತು. ಮರಿಗಳು ಅಲ್ಲಿಯೇ ಉಳಿದವು. “ಯಾಕ್ರೀ ಯಜಮಾನ್ರ, ಇಲ್ಲಿ ತಂದು ಬಿಡಾಕತ್ತೀರಿ?” ಎಂದು ಕೇಳಿದೆವು. “ಮನ್ಯಾಗ ಭಾಳ ಕಾಟ ಆಗೇತ್ರಿ. ಕೊಂದ್ರ ಪಾಪ ಹತ್ತತೈತಿ. ಅದಕ್ಕ ದೂರ ತಂದು ಬಿಟ್ಟೀನ್ರಿ. ಅವುಗಳ ನಸೀಬಿನ್ಯಾಗ ಇದ್ದಂಗ ಆಗಲಿ” ಎಂದು ಅವರು ಅಂದರು. ಅವರ ಮೋರೆಯಲ್ಲಿ ಕ್ರೌರ್ಯವೇನೂ ಕಾಣಲಿಲ್ಲ. ಒಂದು ಧರ್ಮಸಂಕಟದಿಂದ ಪಾರಾದವರ ಸಮಾಧಾನ ಮಾತ್ರ ಇತ್ತು. ನಾವೂ ನಮ್ಮ ಕೆಲಸದ ಅವಸರದಲ್ಲಿ ಮುಂದೆ ಹೋದೆವು. ಸಂಜೆ ಮರಳಿ ಬರುವಾಗ ನೋಡಿದರೆ ಎರಡು ಮರಿಗಳು ಸತ್ತಿದ್ದವು, ಅವುಗಳಿಗೆ ಇರುವೆ ಮುತ್ತಿದ್ದವು. ಮೂರನೆಯದು ಏನಾಯಿತೋ ತಿಳಿಯಲಿಲ್ಲ.

ಆ ಗೃಹಸ್ಥರನ್ನು ದೂರುವದು ಸುಲಭ. ಆದರೆ ಬೆಳಿಗ್ಗೆ ನೋಡಿಯೂ ಮುಂದೆ ಹೋದ ನಮಗೆ ಆ ಅಧಿಕಾರವು ಎಷ್ಟರಮಟ್ಟಿಗೆ ಇದೆಯೆಂಬುದನ್ನು ಅಂದಿನಿಂದ ನಾವು ಯೋಚಿಸುತ್ತಲೇ ಇದ್ದೇವೆ. ಅವರೊಬ್ಬರ ಮಾತಾಗಿದ್ದರೆ ಬರೆಯುವ ಪ್ರಯೋಜನವಿರಲಿಲ್ಲ. ನಮ್ಮ ಮನೆಮನೆಗಳಲ್ಲಿಯೂ ಇದೇ ರೂಢಿಯು ನಡೆದುಬಂದಿದೆ. ಮರಿಗಳು ಹೆಚ್ಚಾದರೆ ಚೀಲದಲ್ಲಿ ಕಟ್ಟಿ ಹೊಳೆ ದಾಟಿಸುವದು, ಸಂತೆಯ ದಿನ ಪೇಟೆಯಲ್ಲಿ ಬಿಡುವದು, ಮನೆ ಬದಲಿಸುವಾಗ ಹಳೆಯ ಮನೆಯ ಅಟ್ಟದ ಮೇಲೆಯೇ ಬಿಟ್ಟುಹೋಗುವದು, ಇವುಗಳನ್ನು ನಾವು ಕ್ರೌರ್ಯವೆಂದು ಎಣಿಸುವದಿಲ್ಲ. ಕೊಲ್ಲಲಿಲ್ಲವಲ್ಲ ಎಂಬುದೇ ನಮಗೆ ಸಾಕು. ಕೊಂದ ಪಾಪಕ್ಕೆ ಅಂಜುವ ನಾವು ಸಾಯಬಿಟ್ಟ ಪಾಪಕ್ಕೆ ಅಂಜುವದಿಲ್ಲ. ನಮ್ಮ ಕೈಯಿಂದ ಆಗದ ಕೊಲೆಯನ್ನು ಹಸಿವೆಯ ಕೈಯಿಂದ, ನಾಯಿಯ ಬಾಯಿಂದ, ಲಾರಿಯ ಗಾಲಿಯಿಂದ ಮಾಡಿಸಿ, ಕೈ ತೊಳೆದುಕೊಂಡು ಊಟಕ್ಕೆ ಕೂಡುತ್ತೇವೆ.

ಕನ್ನಡದಲ್ಲಿ ‘ಸಾಕು’ ಎಂಬ ಒಂದೇ ಮಾತಿಗೆ ಪೋಷಿಸು ಎಂಬ ಅರ್ಥವೂ ಉಂಟು, ಇನ್ನು ಬೇಡ ಎಂಬ ಅರ್ಥವೂ ಉಂಟು. ನಮ್ಮ ಮನೆಗಳಲ್ಲಿ ಬೆಕ್ಕಿನ ಆಯುಷ್ಯವೆಲ್ಲ ಈ ಎರಡು ಅರ್ಥಗಳ ನಡುವೆಯೇ ಕಳೆದುಹೋಗುತ್ತದೆ.

ಬೆಕ್ಕು ನಮ್ಮಲ್ಲಿಗೆ ಭಿಕ್ಷೆಗೆ ಬಂದ ಪ್ರಾಣಿಯಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯ ಗೋರಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲಿಯೇ ಬೆಕ್ಕನ್ನು ಹೂಳಿದ್ದ ಸಂಗತಿಯು 2004ರಲ್ಲಿ ಪ್ರಕಟವಾಯಿತು. ಮನುಷ್ಯನು ಕಾಳನ್ನು ಕೂಡಿಡಲು ಕಲಿತನು, ಕಾಳಿಗೆ ಇಲಿ ಬಂದಿತು, ಇಲಿಗೆ ಬೆಕ್ಕು ಬಂದಿತು. ಅಂದಿನ ಒಪ್ಪಂದವೇ ಇಂದಿಗೂ ನಮ್ಮ ಸೀಮೆಯಲ್ಲಿ ನಡೆದಿದೆ. ಘಟಪ್ರಭೆಯ ನೀರುಂಡು ಬೆಳೆಯುವ ಈ ಮೂರು ತಾಲೂಕುಗಳು ಕಬ್ಬು, ಗೋವಿನಜೋಳ, ಅರಿಷಿಣಗಳ ಸೀಮೆ. ಕಬ್ಬಿನ ಹೊಲವಿದ್ದಲ್ಲಿ ಹೆಗ್ಗಣವಿರಲೇಬೇಕು. ಬೆಲ್ಲದ ಗಾಣದ ಮನೆ, ಕಾಳಿನ ಕೋಣೆ, ಕಿರಾಣಿ ಅಂಗಡಿಯ ಮೂಲೆಗಳಿದ್ದಲ್ಲಿ ಇಲಿಯಿರಲೇಬೇಕು. ಇಲ್ಲೆಲ್ಲ ಪಗಾರವಿಲ್ಲದೆ ರಾತ್ರಿಪಾಳಿ ಮಾಡುವ ನೌಕರನೆಂದರೆ ಬೆಕ್ಕೊಂದೇ.

ಹಿಂದೊಂದು ಕಾಲಕ್ಕೆ ಈ ನೌಕರಿಯ ಬೆಲೆಯನ್ನು ಸರಕಾರದ ವೈದ್ಯರೂ ಕಂಡುಕೊಂಡಿದ್ದರು. 1896ರಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗು ಮುಂದೆ ಬೆಳಗಾವಿ ಧಾರವಾಡ ಜಿಲ್ಲೆಗಳಿಗೂ ಹಬ್ಬಿ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುವಂತೆ ಮಾಡಿತು. ಆ ದಿನಗಳಲ್ಲಿ ವರ್ಹಾಡದ ಅಮರಾವತಿಯಲ್ಲಿದ್ದ ಬುಕಾನನ್ ಎಂಬ ವೈದ್ಯಾಧಿಕಾರಿಯು, ಬೆಕ್ಕುಗಳು ಸಾಕಷ್ಟಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆಯೆಂದು ಕಂಡು, ಬೆಕ್ಕು ಸಾಕುವದೇ ಪ್ಲೇಗಿಗೆ ತಡೆಯೆಂದು 1908ರಲ್ಲಿ ವೈದ್ಯಪತ್ರಿಕೆಯಲ್ಲಿ ಬರೆದನು. ಬೆಕ್ಕಿಗೂ ಪ್ಲೇಗು ತಗಲುವದೆಂದು ಈಗ ತಿಳಿದಿರುವದರಿಂದ ಆತನ ಮಾತನ್ನು ಪೂರ್ತಿಯಾಗಿ ಒಪ್ಪಲಾಗದು. ಆದರೂ ಇಲಿಯನ್ನು ಮನೆಯಿಂದ ದೂರವಿಡುವ ಪ್ರಾಣಿಗೆ ನಾವು ಋಣಿಗಳೆಂಬ ಮಾತಿಗೆ ಅದರಿಂದ ಬಾಧೆಯಿಲ್ಲ.

ಈ ಋಣವನ್ನು ನಾವು ಹೇಗೆ ತೀರಿಸುತ್ತಿದ್ದೇವೆ? ಹೊಟ್ಟೆ ತುಂಬ ಹಾಕಿದರೆ ಬೆಕ್ಕು ಇಲಿ ಹಿಡಿಯದೆಂದು ಅದನ್ನು ಬೇಕೆಂದೇ ಉಪವಾಸವಿಡುವ ಮನೆಗಳು ಅನೇಕ. ಇದು ತೀರ ತಪ್ಪು ತಿಳಿವಳಿಕೆ. ಬೇಟೆಯು ಬೆಕ್ಕಿನ ಹುಟ್ಟುಗುಣ. ಉಂಡ ಬೆಕ್ಕೂ ಬೇಟೆಯಾಡುತ್ತದೆ, ಉಣ್ಣದ ಬೆಕ್ಕು ನಿತ್ರಾಣದಿಂದ ಬೇಟೆಯನ್ನು ತಪ್ಪಿಸಿಕೊಳ್ಳುತ್ತದೆ. ಇನ್ನು ಕೆಲವು ಮನೆಗಳಲ್ಲಿ ಪ್ರೀತಿಯಿದೆ, ತಿಳಿವಳಿಕೆಯಿಲ್ಲ. ಹಾಲು ರೊಟ್ಟಿಗಳಷ್ಟರಿಂದಲೇ ಬೆಕ್ಕು ಬದುಕಲಾರದು. ಮಾಂಸದಲ್ಲಿ ಮಾತ್ರ ಸಾಕಷ್ಟು ಸಿಕ್ಕುವ ಟಾರಿನ್ ಎಂಬ ಸತ್ವವು ದೊರೆಯದಿದ್ದರೆ ಅದರ ಕಣ್ಣು ಹೋಗುತ್ತದೆ, ಹೃದಯವು ಕೆಡುತ್ತದೆ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಸರಿಯಾಗಿ ಪಚನವೂ ಆಗುವದಿಲ್ಲ. ಶಾಕಾಹಾರಿಗಳಾದ ಗೃಹಸ್ಥರು ತಮ್ಮ ಆಚಾರವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಅಂಥ ಮನೆಯ ಬೆಕ್ಕಿಗೆ ಹೊರಗೆ ತಿರುಗಿ ತನ್ನ ಆಹಾರವನ್ನು ತಾನೇ ಪೂರೈಸಿಕೊಳ್ಳುವ ದಾರಿಯಾದರೂ ಇರಬೇಕು. ಬಾಗಿಲು ಮುಚ್ಚಿ ಒಳಗಿಟ್ಟು ಬರಿ ಹಾಲನ್ನೇ ಎರೆಯುವದು ದಯೆಯ ವೇಷದಲ್ಲಿರುವ ಅಲಕ್ಷ್ಯವೇ ಸರಿ. ಪೇಟೆಗಳಲ್ಲಿ ಈಚೆಗೆ ಬಂದಿರುವ ಉದ್ದಗೂದಲಿನ ಪರ್ಷಿಯನ್ ಬೆಕ್ಕುಗಳ ಷೋಕಿಯೂ ಇದೇ ಜಾತಿಯದು. ಸಾವಿರಾರು ರೂಪಾಯಿ ಕೊಟ್ಟು ಕೊಂಡವರು ದಿನಾಲು ಕೂದಲು ಬಾಚುವ ವ್ಯವಧಾನವಿಲ್ಲದೆ, ಬೇಸಿಗೆಯ ಉರಿಯಲ್ಲಿ ಅದನ್ನು ಗಂಟುಗಟ್ಟಿದ ಕೂದಲಿನೊಡನೆ ಬಿಟ್ಟುಬಿಡುತ್ತಾರೆ.

ಇದಕ್ಕಿಂತ ಘೋರವಾದದ್ದು ವಿಷದ ಮಾತು. ಹೊಲದಲ್ಲಿಯೂ ಅಂಗಡಿಯಲ್ಲಿಯೂ ಇಲಿಪಾಷಾಣವನ್ನು ಇಡುವದು ಸಾಮಾನ್ಯವಾಗಿದೆ. ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿಯು ಹೊಟ್ಟೆಯಲ್ಲಿ ವಿಷವಾಯುವಾಗಿ ಪರಿಣಮಿಸಿ ಕೊಲ್ಲುತ್ತದೆ. ಬ್ರೊಮಾಡಿಯೋಲೋನ್ ಎಂಬ ಇನ್ನೊಂದು ಮದ್ದು ರಕ್ತವು ಹೆಪ್ಪುಗಟ್ಟದಂತೆ ಮಾಡಿ, ಒಳಗೊಳಗೇ ರಕ್ತ ಸೋರಿಸಿ, ಕೆಲವು ದಿನಗಳಲ್ಲಿ ಕೊಲ್ಲುತ್ತದೆ. ವಿಷ ತಿಂದ ಇಲಿಯು ಕೂಡಲೆ ಸಾಯುವದಿಲ್ಲ. ತೂಕಡಿಸುತ್ತ ಅಂಗಳಕ್ಕೆ ಬರುತ್ತದೆ. ಅದನ್ನು ಹಿಡಿಯುವದು ಬೆಕ್ಕಿಗೆ ಸುಲಭ. ಹೀಗೆ ನಮ್ಮ ಕಾಳನ್ನು ಕಾಯುವವನು ನಮ್ಮ ವಿಷದಿಂದಲೇ ಸಾಯುತ್ತಾನೆ. ಇದು ಬುದ್ಧಿಪೂರ್ವಕವಲ್ಲವೆಂದು ಹೇಳಬಹುದು. ಆದರೆ ನೆರೆಮನೆಯ ಬೆಕ್ಕು ಹಾಲು ಕುಡಿಯಿತೆಂದು, ಪಾರಿವಾಳದ ಮರಿಯನ್ನು ಕಚ್ಚಿತೆಂದು ವಿಷವನ್ನು ಅನ್ನದಲ್ಲಿ ಕಲಸಿ ಇಡುವವರೂ ಇಲ್ಲದಿಲ್ಲ. ಅದಕ್ಕೆ ಯಾವ ಸಮಾಧಾನವನ್ನು ಹೇಳೋಣ? ಅಡ್ಡ ಬಂದ ಬೆಕ್ಕಿಗೆ ಕಲ್ಲು ಬೀಸುವ, ಬಾಲಕ್ಕೆ ಪಟಾಕಿ ಕಟ್ಟುವ ಹುಡುಗರನ್ನು ನೋಡಿ ನಗುವ ಹಿರಿಯರಿಗೆ ಏನು ಹೇಳೋಣ? ತೆನಾಲಿ ರಾಮಕೃಷ್ಣನು ಸುಡುವ ಹಾಲನ್ನಿಟ್ಟು ಬೆಕ್ಕಿನ ಬಾಯಿ ಸುಟ್ಟ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿ ಆತನ ಜಾಣತನಕ್ಕೆ ನಕ್ಕವರೇ. ಆ ಕಥೆಯಲ್ಲಿ ಬೆಕ್ಕಿಗೆ ಏನಾಯಿತೆಂದು ಯಾವ ಮಗುವೂ ಕೇಳುವದಿಲ್ಲ; ಕೇಳಲು ನಾವು ಕಲಿಸಿಲ್ಲ.

ಆಪತ್ಕಾಲವು ಬಂದಾಗ ಮನುಷ್ಯನ ಈ ಗುಣವು ಇನ್ನಷ್ಟು ಸ್ಪಷ್ಟವಾಗುತ್ತದೆ. 2019ರ ಅಗಸ್ಟ್ ತಿಂಗಳಲ್ಲಿ ಘಟಪ್ರಭೆ, ಮಾರ್ಕಂಡೇಯ, ಹಿರಣ್ಯಕೇಶಿ ನದಿಗಳು ಒಮ್ಮೆಲೆ ಉಕ್ಕಿ ಗೋಕಾಕದ ಪೇಟೆಯೊಳಗೆ ನೀರು ಹೊಕ್ಕದ್ದೂ, ಲೋಳಸೂರದ ಸೇತುವೆಯು ಮುಳುಗಿದ್ದೂ ವಾಚಕರ ನೆನಪಿನಲ್ಲಿ ಇದ್ದೇ ಇದೆ. ಮುಂದೆ 2021ರಲ್ಲಿಯೂ 2024ರಲ್ಲಿಯೂ ಜುಲೈ ತಿಂಗಳಲ್ಲಿ ಹೊಳೆಯು ಮತ್ತೆ ಏರಿತು. ಜನರು ಮಕ್ಕಳು ಮರಿಗಳನ್ನು ಕಟ್ಟಿಕೊಂಡು, ದನಕರುಗಳನ್ನು ಹೊಡೆದುಕೊಂಡು ಪರಿಹಾರ ಕೇಂದ್ರಗಳಿಗೆ ಹೋದರು. ಬೆಕ್ಕು ಮಾಳಿಗೆಯ ಮೇಲೆಯೇ ಉಳಿಯಿತು. ಜೀವ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಆದದ್ದಕ್ಕೆ ನಾವು ಯಾರನ್ನೂ ಆಕ್ಷೇಪಿಸಲಾರೆವು. ಆದರೆ ಈ ಮರೆವು ಸಂತ್ರಸ್ತರದಷ್ಟೇ ಅಲ್ಲ, ಸರಕಾರದ ದಫ್ತರದ್ದೂ ಅಹುದು. ವಿಪತ್ತು ಪರಿಹಾರ ನಿಧಿಯ ನಿಯಮಗಳಲ್ಲಿ ಆಕಳು, ಎಮ್ಮೆ, ಎತ್ತು, ಕುರಿ, ಆಡು, ಕೋಳಿಗಳಿಗೆ ದರವುಂಟು. ಬೆಕ್ಕಿಗೆ ಕಲಮು ಇಲ್ಲ. ಅದೇ 2019ರ ಜಾನುವಾರು ಗಣತಿಯಲ್ಲಿ ನಾಯಿ, ಮೊಲ, ಆನೆಗಳನ್ನೂ ಎಣಿಸಿದರು, ಬೆಕ್ಕನ್ನು ಎಣಿಸಲಿಲ್ಲ. ಎಣಿಕೆಯಲ್ಲಿಲ್ಲದ್ದು ಸತ್ತರೆ ಲೆಕ್ಕವೂ ಇಲ್ಲ.

ಇದು ನಮ್ಮ ನಾಡಿನದೇ ದೋಷವೆಂದು ಯಾರೂ ಭಾವಿಸಬೇಕಾಗಿಲ್ಲ. ಪ್ರಾಣಿಪ್ರೇಮದ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳುವ ಇಂಗ್ಲೆಂಡಿನಲ್ಲಿಯೇ, 1939ರ ಸೆಪ್ಟೆಂಬರಿನಲ್ಲಿ ಮಹಾಯುದ್ಧವು ಸಾರಲ್ಪಟ್ಟ ಮೊದಲನೆಯ ವಾರದಲ್ಲಿ, ಒಂದು ಬಾಂಬೂ ಬೀಳುವ ಮೊದಲೇ, ಲಂಡನ್ ನಗರದ ಜನರು ಸುಮಾರು 4 ಲಕ್ಷ ಸಾಕು ನಾಯಿಬೆಕ್ಕುಗಳನ್ನು ಕೊಲ್ಲಿಸಿದರು. ಭಯ ಬಂದಾಗ ಮನುಷ್ಯನು ಮೊದಲು ಕೈಬಿಡುವದು ತನ್ನನ್ನೇ ನಂಬಿದ್ದ ಮೂಕಜೀವವನ್ನು. ಅವರು ಕೊಂದರು, ನಾವು ಬಿಡುತ್ತೇವೆ; ವ್ಯತ್ಯಾಸವಿಷ್ಟೇ.

ಹಾಗಾದರೆ ಬಿಡುವದು ಕೊಲ್ಲುವದಕ್ಕಿಂತ ಮೇಲಲ್ಲವೇ ಎಂದು ಧರ್ಮಭೀರುಗಳು ಕೇಳಬಹುದು. ಈ ಪ್ರಶ್ನೆಗೆ ಮಹಾತ್ಮಾ ಗಾಂಧಿಯವರ ನಡೆಯೇ ಉತ್ತರವಾಗಿದೆ. ಇದೇ ಬೆಳಗಾವಿಯಲ್ಲಿ 1924ರ ರಾಷ್ಟ್ರೀಯ ಮಹಾಸಭೆಯ ಅಧ್ಯಕ್ಷತೆಯನ್ನು ವಹಿಸಿದ್ದ ಅವರು, 1926ರಲ್ಲಿ ಅಹಮದಾಬಾದಿನ ಬೀದಿನಾಯಿಗಳ ವಾದವೆದ್ದಾಗ, ಬೀದಿಯ ಪ್ರಾಣಿಗೆ ತುತ್ತೆಸೆದು ಪುಣ್ಯ ಕಟ್ಟಿಕೊಳ್ಳುವದು ದಯೆಯಲ್ಲ, ಸಾಕುವದಾದರೆ ಪೂರ್ಣ ಹೊಣೆಯನ್ನು ಹೊತ್ತು ಸಾಕಬೇಕೆಂಬ ಅಭಿಪ್ರಾಯವನ್ನು ನಿಷ್ಠುರವಾಗಿ ಮುಂದಿಟ್ಟರು. 1928ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ಗುಣವಾಗದ ಯಾತನೆಯಲ್ಲಿ ಬಿದ್ದಿದ್ದಾಗ ಅವರು ವೈದ್ಯರಿಂದ ಸೂಜಿಮದ್ದು ಹಾಕಿಸಿ ಅದರ ಸಂಕಟವನ್ನು ಮುಗಿಸಿದರು. ದೇಶದಲ್ಲೆಲ್ಲ ಕೋಲಾಹಲವೆದ್ದಿತು. ಅಹಿಂಸೆಯೆಂದರೆ ತನ್ನ ಕೈಯನ್ನು ಶುದ್ಧವಾಗಿಟ್ಟುಕೊಳ್ಳುವದಲ್ಲ, ಎದುರಿನ ಜೀವದ ನೋವನ್ನು ತನ್ನದೆಂದು ಭಾವಿಸುವದೆಂಬುದು ಅವರ ನಿಲುವು. ಆ ಕರುವಿನ ವಿಷಯದಲ್ಲಿ ಅವರು ಮಾಡಿದ್ದು ಸರಿಯೋ ತಪ್ಪೋ ಎಂಬ ವಾದವನ್ನು ಇಲ್ಲಿ ನಾವು ಎತ್ತುವದಿಲ್ಲ. ಆದರೆ ತನಗೆ ಪಾಪ ಹತ್ತದಿರಲೆಂದು ಮಾತ್ರ ಯೋಚಿಸಿ, ಮರಿಗಳನ್ನು ಕಾಲುವೆಯ ದಂಡೆಗೆ ಚೆಲ್ಲುವದು ಅಹಿಂಸೆಯಲ್ಲವೆಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಇಸ್ಲಾಮಿನ ಸಂಪ್ರದಾಯವೂ ಇದೇ ಮಾತನ್ನು ಹೇಳುತ್ತದೆ. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸೊಬ್ಬಳು ಅದಕ್ಕಾಗಿಯೇ ನರಕಕ್ಕೆ ಹೋದಳೆಂದು ಹದೀಸಿನಲ್ಲಿ ಬಂದಿದೆ. ಅವಳು ಬೆಕ್ಕನ್ನು ಹೊಡೆಯಲಿಲ್ಲ, ಕೊಯ್ಯಲಿಲ್ಲ, ಅಲಕ್ಷಿಸಿದಳು, ಅಷ್ಟೇ. ಆದಿಲಶಾಹಿಯ ಗುಮ್ಮಟಗಳಿರುವ ಹುಕ್ಕೇರಿಯಲ್ಲಿ, ಜೈನ ಬಸದಿಗಳೂ ಶರಣರ ಮಠಗಳೂ ಹರಡಿರುವ ಈ ಜಿಲ್ಲೆಯಲ್ಲಿ, ದಯೆಯ ಉಪದೇಶಕ್ಕೆ ಬರವೆಂದು ಯಾರೂ ಹೇಳಲಾರರು. ಬರವಿರುವದು ಆಚರಣೆಗೆ.

ಧರ್ಮದ ಮಾತು ಬೇಡವೆನ್ನುವವರಿಗೆ ಕಾಯದೆಯಿದೆ. ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಹಟ ಹಿಡಿದು ಎತ್ತಿದ ಪ್ರಶ್ನೆಯ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ಪ್ರತಿಬಂಧಕ ಕಾಯದೆಯು ಬಂದಿತು. ಅದರ 11ನೆಯ ಕಲಮಿನ ಮೇರೆಗೆ ಹೊಡೆಯುವದು, ಹಿಂಸಿಸುವದು ಮಾತ್ರವೇ ಅಪರಾಧವಲ್ಲ. ಸಾಕಿದ ಪ್ರಾಣಿಗೆ ಅನ್ನ, ನೀರು, ಆಸರೆ ಕೊಡದಿರುವದೂ, ಹಸಿವೆ ನೀರಡಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಅದನ್ನು ತಕ್ಕ ಕಾರಣವಿಲ್ಲದೆ ತೊರೆದುಬಿಡುವದೂ ಅಪರಾಧಗಳೇ. ಅಂದರೆ ಗೋಣಿಚೀಲದ ನಮ್ಮ ರೂಢಿಯನ್ನು ಕಾಯದೆಯು ಆರು ದಶಕಗಳ ಹಿಂದೆಯೇ ಗುರುತಿಸಿದೆ. ಆದರೆ ಮೊದಲನೆಯ ಅಪರಾಧಕ್ಕೆ ಅದು ಹೇಳುವ ದಂಡವು 10 ರೂಪಾಯಿಗಳಿಂದ 50 ರೂಪಾಯಿಗಳವರೆಗೆ ಮಾತ್ರ. ಈ 50 ರೂಪಾಯಿಗೆ ಗೋಕಾಕದ ಪೇಟೆಯಲ್ಲಿ ಇಂದು ಕಾಲು ಕಿಲೋ ಕರದಂಟೂ ಸಿಕ್ಕಲಾರದು. ಇಂಥ ದಂಡಕ್ಕೆ ಅಂಜುವವರು ಯಾರು? 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಲ್ಲಿ ಮಾತ್ರ, ಯಾವುದೇ ಪ್ರಾಣಿಯನ್ನು ಕೇಡಿನಿಂದ ಕೊಲ್ಲುವದಕ್ಕೆ, ವಿಷವಿಕ್ಕುವದಕ್ಕೆ, ಅಂಗವಿಕಲಗೊಳಿಸುವದಕ್ಕೆ 5 ವರ್ಷಗಳವರೆಗಿನ ಸೆರೆವಾಸವನ್ನು ಹೇಳಿದೆ. ಇದನ್ನು ನಮ್ಮ ಪೊಲೀಸ್ ಅಧಿಕಾರಿಗಳು ಲಕ್ಷ್ಯದಲ್ಲಿಡಬೇಕು. ಬೆಕ್ಕಿನ ಫಿರ್ಯಾದಿಯೇ ಎಂದು ನಕ್ಕು ಕಳಿಸಬಾರದು.

ಆದರೂ ಸೆರೆಮನೆಯಿಂದ ದಯೆಯು ಹುಟ್ಟುವದಿಲ್ಲ. ಚೀಲ ಹೊತ್ತ ಆ ಗೃಹಸ್ಥರ ತೊಂದರೆಯೂ ನಿಜವಾದದ್ದೇ. ಬೆಕ್ಕಿನ ಗರ್ಭವು ಒಂಬತ್ತು ವಾರಗಳದ್ದು. ವರ್ಷಕ್ಕೆ ಎರಡು ಮೂರು ಸಲ, ಸಲಕ್ಕೆ ಮೂರು ನಾಲ್ಕು ಮರಿಗಳಂತೆ ಅದು ಹೆರುತ್ತದೆ. ಆ ಮರಿಗಳು ಐದಾರು ತಿಂಗಳಲ್ಲಿಯೇ ಬೆದೆಗೆ ಬರುತ್ತವೆ. ಇಷ್ಟನ್ನು ಯಾವ ಮನೆಯೂ ಸಾಕಲಾರದು. ಆದ್ದರಿಂದ ಬೇರಿಗೇ ಕೈ ಹಾಕಬೇಕು. ಐದಾರು ತಿಂಗಳ ವಯಸ್ಸಿನಲ್ಲಿ ಸಂತಾನಹರಣದ ಶಸ್ತ್ರಕ್ರಿಯೆಯನ್ನು ಮಾಡಿಸಿದರೆ ಆ ಬೆಕ್ಕು ಮನೆಯಲ್ಲಿಯೇ ನಿಂತು ಇಲಿ ಹಿಡಿಯುತ್ತದೆ. ಚೀಲದ ಪ್ರಸಂಗವೇ ಬರುವದಿಲ್ಲ. ಇದು ಪ್ರಕೃತಿಗೆ ವಿರುದ್ಧವೆಂದು ಹೇಳುವವರು, ಹೋರಿಯನ್ನು ಬೀಜ ಒಡೆಸಿ ಎತ್ತು ಮಾಡುವಾಗ ಈ ಮಾತನ್ನು ನೆನೆಯಲಿ. ಸ್ವಂತ ಉಪಯೋಗಕ್ಕಾಗಿ ಮಾಡುವದು ಸರಿಯಾದರೆ, ಪ್ರಾಣಿಯ ಹಿತಕ್ಕಾಗಿ, ಅದೂ ನೋವಾಗದಂತೆ ಮದ್ದು ಕೊಟ್ಟು ಮಾಡುವದು ಹೇಗೆ ತಪ್ಪಾದೀತು?

ಇದನ್ನು ಬಡ ಗೃಹಸ್ಥನೊಬ್ಬನೇ ಮಾಡಿಕೊಳ್ಳಲಿ ಎಂದರೆ ಆಗುವದಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ಪಶು ಆಸ್ಪತ್ರೆಗಳಲ್ಲಿ ತಿಂಗಳಿಗೆ ಒಂದು ದಿನವನ್ನಾದರೂ ಬೆಕ್ಕುಗಳ ಶಸ್ತ್ರಕ್ರಿಯೆಗಾಗಿ ಗೊತ್ತುಪಡಿಸಬೇಕು. ಗೋಕಾಕದ ನಗರಸಭೆಯೂ ಮೂಡಲಗಿ, ಹುಕ್ಕೇರಿಯ ಪುರಸಭೆಗಳೂ ಅದರ ವೆಚ್ಚದಲ್ಲಿ ಪಾಲುಗೊಳ್ಳಬೇಕು. ಪ್ರತಿಯೊಂದು ಜಿಲ್ಲೆಯಲ್ಲಿಯೂ ಪ್ರಾಣಿದಯಾ ಸಂಘವಿರಬೇಕೆಂದು 2001ರ ಕೇಂದ್ರ ನಿಯಮಗಳು ಹೇಳುತ್ತವೆ. ಅದರ ಕಾರ್ಯವು ಜಿಲ್ಲೆಯ ಮುಖ್ಯ ಪಟ್ಟಣದಲ್ಲಿಯೇ ನಿಲ್ಲದೆ ತಾಲೂಕಿನವರೆಗೆ ಬರಬೇಕು. ಪ್ರವಾಹದ ಸಿದ್ಧತೆಯ ಸಭೆಗಳಲ್ಲಿ ದನಗಳ ಮೇವಿನ ಜೊತೆಗೆ ನಾಯಿಬೆಕ್ಕುಗಳ ಸಾಗಾಣಿಕೆಯ ಮಾತೂ ಬರಬೇಕು. ಪರಿಹಾರ ಕೇಂದ್ರದ ಒಂದು ಮೂಲೆ, ಕೆಲವು ಬಿದಿರು ಬುಟ್ಟಿಗಳು ಇದಕ್ಕೆ ಸಾಕಾಗುವವು. ಇಲಿಪಾಷಾಣವನ್ನು ಮಾರುವ ಅಂಗಡಿಕಾರರು, ಸತ್ತ ಇಲಿಯನ್ನು ಆರಿಸಿ ಹೂಳಬೇಕೆಂಬುದನ್ನು ಕೊಳ್ಳುವವರಿಗೆ ತಪ್ಪದೆ ತಿಳಿಸಬೇಕು. ಇವುಗಳಲ್ಲಿ ಯಾವುದೂ ದೊಡ್ಡ ಖರ್ಚಿನ ಕೆಲಸವಲ್ಲ.

ಉಳಿದದ್ದು ಮನೆಯ ಯಜಮಾನನ ಕೆಲಸ. ಬೆಕ್ಕನ್ನು ತರುವ ಮೊದಲು, ಇದನ್ನು ಸಾಯುವ ತನಕ ನೋಡಿಕೊಳ್ಳುವೆನೇ ಎಂದು ಆತನು ತನ್ನನ್ನು ತಾನೇ ಕೇಳಿಕೊಳ್ಳಲಿ. ಚೆನ್ನಾಗಿ ನೋಡಿಕೊಂಡ ಬೆಕ್ಕು ಹನ್ನೆರಡು ಹದಿನೈದು ವರ್ಷ ಬದುಕುತ್ತದೆ. ಅಷ್ಟು ಕಾಲದ ಮಾತು ಕೊಡಲು ಆಗದಿದ್ದರೆ ತರದಿರುವದೇ ದಯೆ. ಈಗಾಗಲೆ ಮನೆಯಲ್ಲಿದ್ದರೆ ದಿನಕ್ಕೆರಡು ತುತ್ತು, ಒಂದು ಬಟ್ಟಲು ನೀರು, ಮಳೆಯಲ್ಲಿ ಒಂದು ಮೂಲೆ, ಬೇನೆ ಬಿದ್ದಾಗ ವೈದ್ಯರ ಬಾಗಿಲು, ಇಷ್ಟು ಸಾಕು. ಇದಕ್ಕಿಂತ ಹೆಚ್ಚಿನದನ್ನು ಯಾವ ಬೆಕ್ಕೂ ಯಾರಲ್ಲಿಯೂ ಕೇಳಿಲ್ಲ.

ಸ್ವಾತಂತ್ರ್ಯವನ್ನು ಪಡೆದ ಜನತೆಯು ತನ್ನ ಕೈಕೆಳಗಿನವರನ್ನು ಹೇಗೆ ನಡೆಯಿಸಿಕೊಳ್ಳುತ್ತದೆಂಬುದರ ಮೇಲೆ ಅದರ ಯೋಗ್ಯತೆಯನ್ನು ಅಳೆಯಬೇಕಾಗುತ್ತದೆ. ಮತವಿಲ್ಲದ, ಮಾತಿಲ್ಲದ, ಗಣತಿಯ ಪಟ್ಟಿಯಲ್ಲಿಯೂ ಇಲ್ಲದ ಜೀವವೊಂದು ನಮ್ಮ ಹೊಸ್ತಿಲಲ್ಲಿ ಕುಳಿತಿದೆ. ಅದನ್ನು ಕೊಂದ ಪಾಪಕ್ಕೆ ಬಂಗಾರದ ಬೆಕ್ಕನ್ನು ಕಲ್ಪಿಸಿದ ಹಿರಿಯರು, ಬಿಟ್ಟ ಪಾಪಕ್ಕೆ ಏನನ್ನೂ ಹೇಳದೆ ಹೋದರು. ಆ ಪಾಪಕ್ಕೆ ಪ್ರಾಯಶ್ಚಿತ್ತವು ಒಂದೇ: ಮುಂದಿನ ಸಲ ಗೋಣಿಚೀಲವನ್ನು ಕೈಗೆ ತೆಗೆದುಕೊಳ್ಳದಿರುವದು, ಮತ್ತು ಬೇರೊಬ್ಬರ ಕೈಯಲ್ಲಿ ಅದನ್ನು ಕಂಡಾಗ, ನಾವು ಆ ಬೆಳಿಗ್ಗೆ ಮಾಡಿದಂತೆ ಮುಂದೆ ಹೋಗದೆ, ನಿಲ್ಲುವದು.